ಕೌಟು ಕಾಯಿಯ ಮನೆ

ಮದುವೆಯಾಗಿ ತಿಪಟೂರಿನ ಮನೆಗೆ ಬಂದ ದಿನ, ಹೊಸ ಸೀರೆಯಲ್ಲಿ ಬೆವರುತ್ತ ಮಧ್ಯಾಹ್ನದ ಊಟಕ್ಕೆ ಕೂತಿದ್ದೆ. ಎಲೆಯಲ್ಲಿ ಅನ್ನ, ಪಕ್ಕದಲ್ಲಿ ಪಾಯಸ. ಮೇಲಿಂದ ಒಂದು ಹನಿ ಬಂದು ಅನ್ನದ ಮೇಲೆ ಬಿತ್ತು. ಟೀ ಚರಟದ ಬಣ್ಣ, ಲೋಳೆಯಂತೆ ಗಟ್ಟಿ. ಹಲ್ಲಿ ಇರಬೇಕೆಂದು ತಲೆಯೆತ್ತಿದರೆ ಅಟ್ಟದ ಹಲಗೆಗಳ ಸಂದಿಯಲ್ಲಿ ಇನ್ನೊಂದು ಹನಿ ಬೀಳಲೋ ಬೇಡವೋ ಎಂದು ತೂಗುತ್ತಿತ್ತು. ಅಷ್ಟರಲ್ಲಿ ವಾಸನೆ ಮೂಗಿಗೆ ಬಂತು. ನೆನೆಹಾಕಿ ಮರೆತ ಬಟ್ಟೆಯೂ ಹಳಸಿದ ಗಂಜಿಯೂ ಸೇರಿದಂಥ ವಾಸನೆ.

ಎದುರಿಗೆ ನಿಂತು ಬಡಿಸುತ್ತಿದ್ದ ಅತ್ತೆ ಬಗ್ಗಿ, ಆ ಹನಿ ಬಿದ್ದಷ್ಟು ಅನ್ನವನ್ನು ಎರಡು ಬೆರಳಲ್ಲಿ ಎತ್ತಿ ಹಿತ್ತಲಿಗೆ ಎಸೆದರು. "ಕಾಯಿ ನೀರು ಕಣಮ್ಮಣ್ಣಿ, ವಿಷ ಅಲ್ಲ. ಉಣ್ಣು," ಅಂದರು.

ಉಂಡೆ. ಮೊದಲ ದಿನವೇ ಎಲೆ ಬಿಟ್ಟು ಏಳುವುದಕ್ಕಾಗುತ್ತದೆಯೇ?

ನನ್ನ ತವರು ಕಂದಿಕೆರೆ ಕಡೆಯ ಒಂದು ಸಣ್ಣ ಹಳ್ಳಿ. ಮಳೆ ನಂಬಿದ ಹೊಲ, ರಾಗಿ, ಹುರುಳಿ, ನಾಲ್ಕು ದನ. ಬಾವಿಯ ಪಕ್ಕದಲ್ಲಿ ಮೂರು ತೆಂಗಿನ ಮರಗಳಿದ್ದವು. ಅವ್ವ ಒಂದು ಕಾಯಿ ಒಡೆದರೆ ಒಂದು ಹೋಳನ್ನು ಅವತ್ತಿಗೆ, ಇನ್ನೊಂದನ್ನು ನಾಳೆಗೆ ಎಂದು ಉಪ್ಪು ಸವರಿ ಎತ್ತಿಡುತ್ತಿದ್ದಳು. ಕಾಯಿ ಕಮ್ಮಿ, ಆದರೆ ಇದ್ದದ್ದು ಹಸಿ ಕಾಯಿ. ತಿಪಟೂರಿನ ಸಂಬಂಧ ಕುದುರಿದಾಗ ನಮ್ಮೂರ ಹೆಂಗಸರು ನನ್ನ ಕೆನ್ನೆ ಹಿಂಡಿ, ತೆಂಗಿನ ಸೀಮೆಗೆ ಹೋಗುತ್ತೀಯ, ಇನ್ನು ಕಾಯಿಗೇನು ಬರ ಎಂದಿದ್ದರು.

ಬರ ಇರಲಿಲ್ಲ, ನಿಜ. ಗಂಡನ ಮನೆಯವರ ತೋಟ ತುರುವೇಕೆರೆ ದಾರಿಯಲ್ಲಿತ್ತು. ಮಾವ ತೀರಿಹೋಗಿ ಕೆಲವು ವರ್ಷವಾಗಿತ್ತು. ತೋಟ, ಮನೆ, ಬೀಗದ ಕೈ ಎಲ್ಲ ಅತ್ತೆಯವು. ನನ್ನ ಗಂಡ ಒಬ್ಬನೇ ಮಗ, ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ಮಾಡುತ್ತಿದ್ದರು. ಮನೆ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ಹೆಂಚಿನದು. ಮನೆಯ ಉದ್ದಕ್ಕೂ ಅಟ್ಟ. ತೋಟದಿಂದ ಟ್ರ್ಯಾಕ್ಟರಿನಲ್ಲಿ ಬಂದ ಕಾಯಿಯನ್ನು ಮಟ್ಟೆ ಸಮೇತ ಆ ಅಟ್ಟಕ್ಕೆ ತುಂಬುತ್ತಿದ್ದರು. ನಮ್ಮ ಕಡೆಯ ಉಂಡೆ ಕೊಬ್ಬರಿ ಆಗುವುದೇ ಹಾಗೆ. ವರ್ಷದ ಹತ್ತಿರ ಹತ್ತಿರ ಕಾಯಿ ಅಟ್ಟದಲ್ಲಿ ಕೂರಬೇಕು, ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಚಿಪ್ಪು ಬಿಟ್ಟು ಗಿಟಕಾಗಬೇಕು, ಅಲ್ಲಾಡಿಸಿದರೆ ಒಳಗೆ ಲೊಟಲೊಟ ಎನ್ನಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಮಾರುಕಟ್ಟೆಗೆ. ಎಲ್ಲ ಕಾಯಿಯೂ ಹಾಗೆ ನೆಟ್ಟಗೆ ಒಣಗುವುದಿಲ್ಲ. ಕೆಲವು ಅಟ್ಟದಲ್ಲೇ ಕೊಳೆತು ನೀರು ಬಿಡುತ್ತವೆ. ಕೆಲವು ಒಳಗೊಳಗೇ ಹಳದಿ ತಿರುಗಿ, ಎಣ್ಣೆ ಕಾರಿ ಕೌಟಾಗುತ್ತವೆ.

ಬೇರೆ ಮನೆಗಳಲ್ಲಿ ಕೊಳೆತದ್ದು ತಿಪ್ಪೆಗೆ, ಕೌಟು ಎಣ್ಣೆ ಮಿಲ್ಲಿಗೆ ಹೋಗುತ್ತಿತ್ತು. ನಮ್ಮ ಮನೆಯಲ್ಲಿ ಎರಡೂ ಅಡಿಗೆಮನೆಗೆ ಬರುತ್ತಿದ್ದವು.

ಅದು ಅತ್ತೆಯ ಕಟ್ಟಳೆ. ಒಳ್ಳೆಯ ಕಾಯಿ ಮಾರುವುದಕ್ಕೆ, ಕೆಟ್ಟಿದ್ದು ಉಣ್ಣುವುದಕ್ಕೆ. ಟೌನಿನಲ್ಲಿ ಸೊಪ್ಪಿಗೆ ಕಾಸು, ಹಾಲಿಗೆ ಕಾಸು, ಸೀಮೆಎಣ್ಣೆಗೆ ಕ್ಯೂ ನಿಂತೂ ಕಾಸು, ತೋಟದ್ದನ್ನೂ ತಿಂದು ಕೂತರೆ ಮನೆ ಉಳಿಯುತ್ತದೆಯೇ ಎನ್ನುವುದು ಅವರ ಮಾತು. ಸಂತೆಗೆ ಹೋದರೂ ಹೊತ್ತು ಮುಳುಗುವ ಮುಂಚೆ, ಮಾರುವವರು ಗಾಡಿ ಕಟ್ಟುವ ವೇಳೆಗೆ ಹೋಗುತ್ತಿದ್ದರು. ತುಳಿದು ಬಾಡಿದ ಸೊಪ್ಪು, ಒಂದು ಕಡೆ ಮೆತ್ತಗಾದ ಟೊಮೆಟೊ, ಹುಳ ತಿಂದು ಬಿಟ್ಟ ಬದನೆ ರಾಶಿಯಾಗಿ ಸಿಕ್ಕುತ್ತಿದ್ದವು. ಬಡತನದ ಮನೆಯಾಗಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ. ಬಡತನ ಏನೆಂದು ನನಗೆ ಗೊತ್ತಿತ್ತು, ಅದರಲ್ಲೇ ಬೆಳೆದವಳು. ಆದರೆ ಈ ಮನೆಯ ಬೀರುವಿನಲ್ಲಿ ಚಿನ್ನವಿತ್ತು, ಬ್ಯಾಂಕಿನಲ್ಲಿ ಠೇವಣಿಯಿತ್ತು, ತಲೆಯ ಮೇಲೆ ಒಂದು ಮನೆತನ ಉಣ್ಣುವಷ್ಟು ಕಾಯಿಯಿತ್ತು.

ಬೆಳಗಾದರೆ ಅತ್ತೆ ಅಟ್ಟದಿಂದ ಇಳಿಸಿದ ಕೊಳೆತ ಕಾಯಿಯೊಂದನ್ನು ಹಿತ್ತಲಲ್ಲಿ ಒಡೆಯುತ್ತಿದ್ದರು. ಒಡೆದ ತಕ್ಷಣ ನೊಣ ಬರುತ್ತಿದ್ದವು. ಒಳಗೆ ಕೀವಿನಂಥ ನೀರು. ತಿರುಳಿನ ಮೇಲೆ ಹಸಿರು, ಕಪ್ಪು, ಒಂದೊಂದು ಸಲ ನಸುಗೆಂಪು ಬೂಷ್ಟು. ಅತ್ತೆ ಕುಡುಗೋಲಿನಿಂದ ಅದನ್ನು ಕೆರೆದು, ಅರಿಸಿನದ ನೀರಲ್ಲಿ ತೊಳೆದು, ಮೆತ್ತಗಾದ ಭಾಗವನ್ನು ಉಗುರಲ್ಲಿ ಕಿತ್ತು, ಉಳಿದದ್ದನ್ನು ಒರಳಿಗೆ ಹಾಕುತ್ತಿದ್ದರು. ವಾಸನೆ ಮುಚ್ಚಲು ಮೆಣಸಿನಕಾಯಿ, ಹುಣಸೆಹಣ್ಣು, ಬೆಳ್ಳುಳ್ಳಿ ಧಾರಾಳ. ಆದರೂ ನಾಲಿಗೆಗೆ ತಗಲುತ್ತಿತ್ತು. ಬಟ್ಟೆ ಸೋಪನ್ನು ನೆಕ್ಕಿದ ಹಾಗೆ. ಸಾರಿನಲ್ಲಿ, ಪಲ್ಯದಲ್ಲಿ, ಚಟ್ನಿಯಲ್ಲಿ, ಹಬ್ಬದ ಹೋಳಿಗೆಯ ಹೂರಣದಲ್ಲಿ ಕೂಡ ಅದೇ ಸೋಪು. ಕೌಟಿನಲ್ಲೇ ಮಾಡಿಸಿದ ಎಣ್ಣೆ ತಲೆಗೆ. ಒಂದು ಸಲ ತವರಿಗೆ ಹೋಗುವಾಗ ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದು ಎದ್ದು ಹಿಂದಿನ ಸೀಟಿಗೆ ಹೋದಳು. ನನ್ನ ಕೂದಲಿನಿಂದ ಎಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಉಣ್ಣಲು ಒಂದು ಉಪಾಯ ಕಲಿತೆ. ಮುದ್ದೆಯನ್ನು ಅಗಿಯುವಂತಿಲ್ಲವಲ್ಲ, ನುಂಗುವುದೇ ಕ್ರಮ. ಉಸಿರು ಹಿಡಿದು, ತುತ್ತನ್ನು ಸಾರಿಗೆ ಅದ್ದಿಯೂ ಅದ್ದದಂತೆ ಮುಟ್ಟಿಸಿ, ನಾಲಿಗೆಗೆ ತಾಗುವ ಮೊದಲೇ ಗಂಟಲಿಗೆ ದಾಟಿಸುತ್ತಿದ್ದೆ. ಹೋಗುವಾಗ ಹೋಗುತ್ತಿತ್ತು. ಮಧ್ಯಾಹ್ನವಿಡೀ ತೇಗಿನಲ್ಲಿ ವಾಪಸು ಬರುತ್ತಿತ್ತು.

ಬಂದ ಕೆಲವು ತಿಂಗಳಲ್ಲಿ ಒಂದು ಬೆಳಿಗ್ಗೆ ಆ ಉಪಾಯ ಕೈಕೊಟ್ಟಿತು. ರೊಟ್ಟಿ ಚಟ್ನಿ ಬಾಯಿಗಿಟ್ಟವಳು ಹಿತ್ತಲಿಗೆ ಓಡಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕಕ್ಕಿದೆ. ಹಿಂದೆಯೇ ಅತ್ತೆ ಬಂದರು. ಬೈಯುತ್ತಾರೆಂದು ಅಂದುಕೊಂಡೆ. ಅವರು ನನ್ನ ಬೆನ್ನು ನೀವಿದರು, ಬಾಯಿಗೆ ನೀರು ಕೊಟ್ಟರು, ಮುಖ ಅರಳಿತ್ತು. ಎಷ್ಟು ದಿನವಾಯಿತು ಎಂದು ಮೆಲ್ಲಗೆ ಕೇಳಿದರು. ಹೊರಗಾಗುವುದು ಆ ತಿಂಗಳು ತಡವಾಗಿದ್ದದ್ದು ನಿಜ. ನನಗೂ ಇರಬಹುದೇನೋ ಅನ್ನಿಸಿತು. ಸಂಜೆಯೊಳಗೆ ಓಣಿಗೆಲ್ಲ ಸುದ್ದಿ.

ಅಲ್ಲಿಂದ ಮುಂದಿನ ಎರಡು ಮೂರು ವಾರ ಆ ಮನೆ ಬೇರೆ ಮನೆಯಾಯಿತು. ಎಳನೀರು ಬಂತು, ಮೂಸಂಬಿ ಬಂತು. ಏನು ಬಯಕೆ ಹೇಳು ಎಂದು ಅತ್ತೆ ಕೇಳಿದಾಗ ನಾನು ಹಸಿಕಾಯಿ ಚಟ್ನಿ ಎಂದೆ. ಅವರು ನನ್ನನ್ನೇ ನೋಡಿದರು, ಆಮೇಲೆ ಮಗನಿಗೆ ಹೇಳಿ ತೋಟದಿಂದ ಒಂದು ಕಾಯಿ ತರಿಸಿದರು. ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಹಾಕಿ ತಾವೇ ರುಬ್ಬಿ ಕೊಟ್ಟರು. ಒರಳಿಗೆ ಅಂಟಿದ್ದನ್ನೂ ಬೆರಳಲ್ಲಿ ಬಳಿದು ತಿಂದೆ.

ಆಮೇಲೆ ಹೊರಗಾದೆ.  ಮಧ್ಯಾಹ್ನ ತಟ್ಟೆಗೆ ಹಳೆಯ ಚಟ್ನಿ ಬಿತ್ತು. ಸಂಜೆ ಬಟ್ಟೆ ಎತ್ತಿಕೊಳ್ಳಲು ಹಿತ್ತಲಿಗೆ ಹೋದಾಗ ಗೋಡೆಯಾಚೆಯ ಹೆಂಗಸಿಗೆ ಅತ್ತೆ ಹೇಳುತ್ತಿದ್ದದ್ದು ಕೇಳಿಸಿತು.

"ಕಾಯಿ ಚಟ್ನಿ ತಿನ್ನೋ ಆಸೆಗೆ ಬಸ್ರಿ ಆಟ ಆಡವ್ಳೆ ಕಣಮ್ಮ."

ಬಟ್ಟೆ ಎತ್ತಿಕೊಂಡು ಒಳಗೆ ಬಂದೆ. 

ಇಷ್ಟರ ಮಧ್ಯೆ ನನಗೆ ಸಮಾಧಾನವಿದ್ದದ್ದು ಗಂಡನಿಂದ. ಅವರೂ ನನ್ನಂತೆಯೇ ಕಷ್ಟಪಡುತ್ತಿದ್ದಾರೆ ಎಂದು ನಂಬಿದ್ದೆ. ಬೆಳಿಗ್ಗೆ ಕಾಫಿ ಕುಡಿದು ಮಂಡಿಗೆ ಹೋಗುವರು. ಮಧ್ಯಾಹ್ನ ಬರುವುದಕ್ಕೆ ಪುರುಸೊತ್ತಿಲ್ಲ. ಸಂಜೆ ಬಂದು ತಟ್ಟೆಯ ಮುಂದೆ ಕೂತರೆ ಅರ್ಧ ಮುದ್ದೆ, ಅದಕ್ಕೂ ಮಜ್ಜಿಗೆ. ಹೊಟ್ಟೆ ಸರಿ ಇಲ್ಲ ಕಣೇ ಎನ್ನುವರು. ಅವನು ಮೊದಲಿನಿಂದ ಅಷ್ಟೇ ಉಣ್ಣುವುದು ಎಂದು ಅತ್ತೆಯೂ ಹೇಳುವರು. ನಾನು ಜೀರಿಗೆ ಕಷಾಯ ಕಾಯಿಸಿದೆ, ಸೋಮವಾರ ಒಪ್ಪೊತ್ತು ಇದ್ದೆ, ಮೆಂತ್ಯ ನೆನೆಸಿ ಕೊಟ್ಟೆ. ಅರ್ಧ ಮುದ್ದೆಯಲ್ಲಿ ಕೆನ್ನೆ ಅಷ್ಟು ತುಂಬಿಕೊಂಡಿರುವುದು ಹೇಗೆ ಎಂದು ನನಗೆ ಹೊಳೆಯಲೇ ಇಲ್ಲ.

ಎರಡನೆಯ ವರ್ಷ, ಅವರೆ ಕಾಯಿ ಬರುವ ಕಾಲ. ಅಪ್ಪ ಎತ್ತಿನ ಗಾಡಿಯ ಯಾವುದೋ ಸಾಮಾನು ಕೊಳ್ಳಲು ತಿಪಟೂರಿಗೆ ಬಂದವರು ಒಂದು ಚೀಲ ಅವರೆ ಕಾಯಿ ಹೊತ್ತು ಮನೆಗೂ ಬಂದರು. ಮಗಳಿಗೆ ಬಳೆ ಇಡಿಸಿಕೊಂಡು ಬರುತ್ತೇನೆಂದು ಅತ್ತೆಯ ಅಪ್ಪಣೆ ಕೇಳಿ ನನ್ನನ್ನು ಕರೆದುಕೊಂಡು ಹೊರಟರು. ಬಳೆ ಇಡಿಸಿದ ಮೇಲೆ, ಬಾರವ್ವ ಕಾಫಿ ಕುಡಿಯೋಣ ಎಂದು ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಹೋಟೆಲಿಗೆ ನುಗ್ಗಿದರು. ಆಗೆಲ್ಲ ಹೆಂಗಸರು ಹೊರಗಿನ ಮೇಜಿನಲ್ಲಿ ಕೂರುತ್ತಿರಲಿಲ್ಲ. ಮೂಲೆಯಲ್ಲಿ ಹಲಗೆ ಹೊಡೆದು, ಹಸಿರು ಪರದೆ ಬಿಟ್ಟು ಫ್ಯಾಮಿಲಿ ರೂಮ್ ಎಂದು ಬರೆದಿದ್ದರು. ಅದರೊಳಗೆ ಕೂತೆವು. ಮಸಾಲೆ ದೋಸೆ ಆರೇಳು ರೂಪಾಯಿಯ ಆಸುಪಾಸಿನಲ್ಲಿದ್ದ ಕಾಲ. ಅಪ್ಪ ತಮಗೆ ಬರೀ ಕಾಫಿ, ನನಗೆ ಇಡ್ಲಿ ಹೇಳಿದರು.

ಇಡ್ಲಿಯ ಪಕ್ಕ ಚಟ್ನಿ ಬಂತು. ಮಲ್ಲಿಗೆಯ ಬಿಳುಪು. ಬೆರಳಲ್ಲಿ ಮುಟ್ಟಿ ಬಾಯಿಗಿಟ್ಟೆ, ಹಸಿಕಾಯಿ. ಸೋಪಿಲ್ಲ, ಹುಳಿಯಿಲ್ಲ. ಕಣ್ಣಲ್ಲಿ ನೀರು ಬಂದದ್ದನ್ನು ಅಪ್ಪ ನೋಡಬಾರದೆಂದು ತಲೆ ತಗ್ಗಿಸಿದೆ. ಆಗ ಪರದೆಯಾಚೆ ನನ್ನ ಗಂಡನ ದನಿ ಕೇಳಿಸಿತು.

"ಇನ್ನೊಂದ್ ಸ್ವಲ್ಪ ಚಟ್ನಿ ಹಾಕಪ್ಪ."

ಪರದೆಯ ಅಂಚು ಸ್ವಲ್ಪ ಸರಿದಿತ್ತು. ಮುಂದಿನ ಮೇಜಿನಲ್ಲಿ ಒಬ್ಬರೇ ಕೂತಿದ್ದರು. ಖಾಲಿಯಾದ ಇಡ್ಲಿ ತಟ್ಟೆ ಪಕ್ಕಕ್ಕೆ ತಳ್ಳಿತ್ತು, ಮುಂದೆ ದೋಸೆ. ಬಡಿಸುವವನು ಚಟ್ನಿ ಬಕೆಟ್ಟು ಹಿಡಿದು ಬಂದವನು, ಇವತ್ತು ಲೇಟಾಯ್ತಲ್ಲ ಸಾರ್ ಎಂದು ನಗುತ್ತ ಸುರಿದ. ಯಾವ ಮೇಜು, ಯಾವ ಹೊತ್ತು, ಏನು ತಿಂಡಿ ಎಲ್ಲವೂ ಅವನಿಗೆ ಗೊತ್ತಿತ್ತು. ನನ್ನ ಗಂಡ ದೋಸೆಯ ತುಂಡಿನಲ್ಲಿ ಚಟ್ನಿ ಒರೆಸಿ ಒರೆಸಿ ತಿಂದರು. ದೋಸೆ ಮುಗಿದ ಮೇಲೆ ಉಳಿದ ಚಟ್ನಿಯನ್ನು ತೋರುಬೆರಳಲ್ಲಿ ಬಳಿದು, ಬೆರಳನ್ನು ಬುಡದವರೆಗೆ ಬಾಯೊಳಗೆ ಇಟ್ಟು ಚೀಪಿದರು. ಕಣ್ಣು ಅರೆಮುಚ್ಚಿತ್ತು. ತುಟಿಯ ತುದಿಯಲ್ಲಿ ಬಿಳಿಯ ಚೂರು ಅಂಟಿತ್ತು. ಆ ಬೆರಳು, ಆ ತುಟಿ ನೋಡಿ ನನಗೆ ಬಂದ ಹೇಸಿಗೆ ಅತ್ತೆಯ ಯಾವ ಕೊಳೆತ ಕಾಯಿಯಿಂದಲೂ ಬಂದಿರಲಿಲ್ಲ.

ಅಪ್ಪನೂ ನೋಡಿದರು. ಎದ್ದು ಮಾತಾಡಿಸಲೇ ಎಂದು ಸನ್ನೆಯಲ್ಲಿ ಕೇಳಿದರು.

"ಬ್ಯಾಡ ಬುಡಪ್ಪ," ಅಂದೆ. "ತಿನ್ಲಿ."

ಅವರು ಕೈ ತೊಳೆದು ಹೋಗುವವರೆಗೆ ನಾವಿಬ್ಬರೂ ಪರದೆಯೊಳಗೆ ಕಳ್ಳರ ಹಾಗೆ ಕೂತಿದ್ದೆವು. ನನ್ನ ಇಡ್ಲಿ ಹಾಗೇ ಇತ್ತು. ಅಪ್ಪ ಹೊಸ ಬಳೆಯ ಕೈಯನ್ನು ನೋಡಿದರು. ಇಡಿಸಿ ಅರ್ಧ ಗಂಟೆಯಾಗಿರಲಿಲ್ಲ, ಬಳೆಗಳು ಆಗಲೇ ಮೊಣಕೈಯ ಕಡೆಗೆ ಜಾರಿದ್ದವು.

"ಮನೇಲಿ ಏನ್ ಉಣ್ತೀಯವ್ವಾ?"

ಅದುವರೆಗೆ ತವರಿನಲ್ಲಿ ಒಂದು ಮಾತೂ ಆಡಿರಲಿಲ್ಲ. ಅವತ್ತು ಹೇಳಿದೆ. ಅಟ್ಟದ ಹನಿಯಿಂದ ಹಿಡಿದು ಎಲ್ಲವನ್ನೂ. ಅಪ್ಪ ಕಾಫಿ ಲೋಟವನ್ನು ತಿರುಗಿಸುತ್ತ ಕೇಳಿದರು. ಕೊನೆಗೆ, ಇಡ್ಲಿ ತಿನ್ನು ಎಂದಷ್ಟೇ ಹೇಳಿದರು.

ಸಂಜೆ ಗಂಡ ಬಂದು ತಟ್ಟೆಯ ಮುಂದೆ ಕೂತು, ಅರ್ಧ ಮುದ್ದೆ ಸಾಕು, ಹೊಟ್ಟೆ ಸರಿ ಇಲ್ಲ ಎಂದರು. ಅತ್ತೆ ಜಗುಲಿಯಲ್ಲಿದ್ದರು. ನಾನು ಇಡೀ ಮುದ್ದೆ ಇಟ್ಟು, ಸಾರನ್ನು ತುಂಬ ಹುಯ್ದು, ಎದುರಿಗೆ ಕೂತೆ. ಹೋಟೆಲಿನಲ್ಲಿ ನೋಡಿದೆ ಎಂದೆ. ಅವರಿಗೆ ನಾಚಿಕೆಯಾಗುತ್ತದೆ, ಇಲ್ಲವೇ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಅವ್ವುಂಗೆ ಹೇಳ್ಬ್ಯಾಡ ಕಣೇ. ಕಾಲೇಜಿಗೆ ಹೋಗೋವಾಗಿಂದ್ಲೂ ನಾನ್ ಅಲ್ಲೇ ತಿನ್ನೋದು. ಈ ಮನೆ ಸಾರು ಯಾರ್ ಉಣ್ತಾರೆ?"

"ನಾನ್ ಉಣ್ತಿದೀನಲ್ಲ," ಅಂದೆ.

"ನಿಂಗೂ ಒಗ್ಗುತ್ತೆ ಬುಡು."

ಇಷ್ಟೇ. ಅದರಲ್ಲಿ ಕೆಡುಕಿರಲಿಲ್ಲ, ಅದೇ ನನಗೆ ತಡೆಯಲಾಗದ್ದು. ಮಳೆ ಬಂದರೆ ತಾನು ಸೂರಿನಡಿ ನಿಂತು, ನೆನೆಯುತ್ತಿರುವವಳಿಗೆ ಈಗ ನಿಲ್ಲುತ್ತದೆ ಬಿಡು ಎಂದ ಹಾಗಿತ್ತು. ನನಗಾಗಿ ಒಂದು ದಿನ ಒಂದು ಪೊಟ್ಟಣ ಕಟ್ಟಿಸಿ ತರಬಹುದಿತ್ತು ಎಂಬ ಯೋಚನೆ ಅವರಿಗೆ ಬಂದೇ ಇರಲಿಲ್ಲ. ಅವರು ಅರ್ಧ ಮುದ್ದೆ ಬಿಟ್ಟು ಎದ್ದರು. ಅವರ ತಟ್ಟೆಯನ್ನು ನಾನು ಕೈಯಿಂದ ಮುಟ್ಟದೆ, ಕಾಲಿಂದ ತಳ್ಳಿಕೊಂಡು ಹಿತ್ತಲಿಗೆ ಒಯ್ದೆ.

ಹದಿನೈದು ದಿನ ಕಳೆದಿರಬೇಕು. ನಮ್ಮೂರಿನ ಕಡೆಯಿಂದ ಬರುವ ಬಸ್ಸಿನಲ್ಲಿ ಅಪ್ಪ ಒಂದು ಗೋಣಿಚೀಲ ಕಳಿಸಿದರು. ಬಿಚ್ಚಿ ನೋಡಿದರೆ ತೆಂಗಿನಕಾಯಿ. ಬಾವಿ ಪಕ್ಕದ ಮೂರು ಮರದವು, ಮಟ್ಟೆ ಕೂಡ ಸುಲಿದಿರಲಿಲ್ಲ. ನೀರಿಲ್ಲದ ಸೀಮೆಯ ಕಾಯಿ, ಗಾತ್ರದಲ್ಲಿ ಸಣ್ಣವು, ಒಂದು ಕಡೆ ಚಪ್ಪಟೆ. ತೆಂಗಿನ ತೋಟದ ಮನೆಗೆ ಒಣಭೂಮಿಯವರು ಕಾಯಿ ಕಳಿಸಿದ್ದರು. ಇದರ ಅರ್ಥ ಅತ್ತೆಗೆ ಆಗದೆ ಇರಲಿಲ್ಲ. ನಿಮ್ಮಪ್ಪ ನಮಗೇ ಕಾಯಿ ಕೊಡುವಷ್ಟು ದೊಡ್ಡವರಾದರೋ ಎಂದು ನಕ್ಕರು. ನಾನು ಅಡಿಗೆಗೆ ಎಂದೆ. ಆಗಲಿ ಎಂದರು.

ಮಾರನೆಯ ದಿನ ನಾನು ನಲ್ಲಿಯಿಂದ ನೀರು ಹಿಡಿದು ಬರುವಷ್ಟರಲ್ಲಿ ಚೀಲ ಖಾಲಿಯಾಗಿ ಬಾಗಿಲಲ್ಲಿ ಮಡಿಸಿಟ್ಟಿತ್ತು. ಅತ್ತೆ ಏಣಿಯಿಂದ ಇಳಿಯುತ್ತಿದ್ದರು. ಅಪ್ಪನ ಕಾಯಿಗಳನ್ನೆಲ್ಲ ಅಟ್ಟಕ್ಕೆ ಎಸೆದಿದ್ದರು. ಮುಂದಿನ ವರ್ಷಕ್ಕೆ ಕೊಬ್ಬರಿ ಆಗುತ್ತವೆ ಎಂದರು. ಅಡಿಗೆಮನೆಯಲ್ಲಿ ಒರಳಿನ ಪಕ್ಕ, ಕೆರೆದು ಅರಿಸಿನ ಹಚ್ಚಿದ ಕೊಳೆತ ಹೋಳು ಎಂದಿನಂತೆ ಕಾಯುತ್ತಿತ್ತು.

ಆಗ ನನಗೆ ನಿಜವಾಗಿಯೂ ಮೂರು ತಿಂಗಳು. ಹಿಂದಿನ ಸಲದ ಮಾತಿಗೆ ಹೆದರಿ ಯಾರಿಗೂ ಹೇಳಿರಲಿಲ್ಲ. ಬಿಂದಿಗೆ ಕೆಳಗಿಟ್ಟು, ಸೆರಗು ಸಿಕ್ಕಿಸಿಕೊಂಡು ಏಣಿ ಹತ್ತಿದೆ. ಅಟ್ಟದ ಮೇಲೆ ಅದೇ ಮೊದಲ ಸಲ ಹೋದದ್ದು. ಹೆಂಚಿನ ಕಾವು, ಜೇಡರ ಬಲೆ, ಕೊಳೆತದ್ದರ ಮೇಲೆ ಓಡಾಡುವ ಜಿರಳೆ. ಉಸಿರು ಹಿಡಿದು, ಮೊಣಕಾಲೂರಿ, ದಪ್ಪ ದಪ್ಪ ಕಾಯಿಗಳ ನಡುವೆ ನಮ್ಮ ಸಣ್ಣ ಕಾಯಿಗಳನ್ನು ಹುಡುಕಿ ಒಂದೊಂದಾಗಿ ಕೆಳಕ್ಕೆ ಎಸೆದೆ. ಕೆಳಗಿನಿಂದ ಅತ್ತೆ ಏನು ಮಾಡುತ್ತಿದ್ದೀಯ ಎಂದು ಕೇಳುತ್ತಲೇ ಇದ್ದರು. ಇಳಿದು ಬಂದು, ಹಿತ್ತಲಲ್ಲಿ ನೆಟ್ಟಿದ್ದ ಹಾರೆಗೆ ಕುಟ್ಟಿ ಒಂದು ಕಾಯಿ ಸುಲಿದೆ. ಕೈ ತರಚಿತು. ಅಡಿಗೆಮನೆಯ ಕಲ್ಲಿಗೆ ಹೊಡೆದು ಒಡೆದೆ. ಕಾಯಿ ನೀರು ನೆಲದ ಮೇಲೆ ಹರಿಯಿತು. ತಿರುಳು ತೆಳ್ಳಗೆ, ಬೆಳ್ಳಗೆ ಇತ್ತು.

"ಅದು ಮಾರೋ ಕಾಯಿ ಕಣೇ," ಅಂದರು ಅತ್ತೆ.

"ಇದು ನಮ್ಮಪ್ಪ ಉಣ್ಣೋಕೆ ಕಳ್ಸಿರೋ ಕಾಯಿ, ಅತ್ತೆ. ಹೊಟ್ಟೇಲಿ ಮಗ ಐತೆ. ಇನ್ಮೇಲೆ ಆ ಕೊಳ್ತಿದ್ದು ನಾನ್ ಉಣ್ಣಾಕಿಲ್ಲ."

ಅವರು ನನ್ನ ಹೊಟ್ಟೆಯನ್ನೂ ಕಾಯಿಯನ್ನೂ ನೋಡಿದರು. ಹೋದ ಸಲದಂತೆ ಮುಖ ಅರಳಲಿಲ್ಲ.

"ಉಣ್ಣು. ನಿನ್ ಚಟ್ನಿ ನೀನ್ ಉಣ್ಣು. ನನ್ ಒಲೆ ಮುಟ್ಬ್ಯಾಡ," ಎಂದು ಹೊರಗೆ ಹೋಗಿ ಜಗುಲಿಯಲ್ಲಿ ಕೂತರು.

ಅವತ್ತಿನಿಂದ ಒಂದೇ ಅಡಿಗೆಮನೆಯಲ್ಲಿ ಎರಡು ಅಡಿಗೆ. ಅತ್ತೆಯದು ಸೌದೆ ಒಲೆ, ನನ್ನದು ಮದುವೆಯಲ್ಲಿ ಉಡುಗೊರೆ ಬಂದಿದ್ದ ಸೀಮೆಎಣ್ಣೆ ಸ್ಟೌ. ಅವರ ಸಾರು, ನನ್ನ ಸಾರು. ಅಪ್ಪನ ಕಾಯಿ ಮುಗಿದ ಮೇಲೆ ತೋಟದಿಂದ ಟ್ರ್ಯಾಕ್ಟರು ಬಂದಾಗಲೆಲ್ಲ ಒಂದಿಷ್ಟು ಕಾಯಿಯನ್ನು ಕೇಳದೆ ಎತ್ತಿ ನನ್ನ ಮಂಚದ ಕೆಳಗೆ ಇಟ್ಟುಕೊಳ್ಳುತ್ತಿದ್ದೆ. ಅತ್ತೆ ನೋಡಿಯೂ ನೋಡದ ಹಾಗೆ ಇರುತ್ತಿದ್ದರು. ಬಾಣಂತನಕ್ಕೆ ತವರಿಗೆ ಹೋದೆ, ಮಗಳನ್ನು ಎತ್ತಿಕೊಂಡು ಐದನೆಯ ತಿಂಗಳಲ್ಲಿ ಬಂದೆ, ಸ್ಟೌ ಅದೇ ಜಾಗದಲ್ಲಿತ್ತು.

ಈಗ ಮನೆಯಲ್ಲಿ ಒಳ್ಳೆಯ ಚಟ್ನಿ ಇರುವುದು ಗಂಡನಿಗೂ ಗೊತ್ತು. ನನ್ನ ಕಡೆ ಉಂಡರೆ ಅವ್ವನಿಗೆ ಬೇಸರ, ಅವ್ವನ ಕಡೆ ಉಣ್ಣುವುದು ಆಗದ ಮಾತು. ಆದ್ದರಿಂದ ಅವರು ಮಜ್ಜಿಗೆಯನ್ನೂ ಬಿಟ್ಟು ಸಂಜೆಯ ಊಟಕ್ಕೂ ಹೋಟೆಲಿಗೇ ಹೋಗತೊಡಗಿದರು. ಮಗಳನ್ನು ಎತ್ತಿಕೊಳ್ಳಲು ಬಂದಾಗ ಅವರ ಕೈಯಿಂದ ತುಪ್ಪ, ಈರುಳ್ಳಿ ಸಾಂಬಾರಿನ ವಾಸನೆ ಬರುತ್ತಿತ್ತು. ಕೈ ತೊಳೆದುಕೊಂಡು ಬನ್ನಿ ಎನ್ನುತ್ತಿದ್ದೆ. ತೊಳೆದಿದ್ದೇನಲ್ಲ ಎನ್ನುತ್ತಿದ್ದರು. ಇನ್ನೊಂದು ಸಲ ತೊಳೆಯಿರಿ ಎನ್ನುತ್ತಿದ್ದೆ.

ಹೀಗೇ ಹತ್ತು ಹನ್ನೆರಡು ವರ್ಷ. ಅಷ್ಟರಲ್ಲಿ ಗ್ಯಾಸು ಬಂತು, ಮಿಕ್ಸಿ ಬಂತು, ಓಣಿಗೆ ಕಾಂಕ್ರೀಟು ಬಿತ್ತು. ಅತ್ತೆಯ ಒಲೆ ಮಾತ್ರ ಉರಿಯುತ್ತಲೇ ಇತ್ತು. ನಮ್ಮ ಕಡೆ ಚಿಕೂನ್‌ಗುನ್ಯ ಹರಡಿದ ವರ್ಷ ಅವರು ಮಲಗಿದರು. ಜ್ವರ ಬಿಟ್ಟ ಮೇಲೂ ಕೈಕಾಲು ಗಂಟುಗಳು ಬಿಡಲಿಲ್ಲ. ಲೋಟ ಹಿಡಿಯಲಾಗದು, ಒಲೆಯ ಮುಂದೆ ಕೂರಲಾಗದು. ಅಡಿಗೆಮನೆ ಪೂರ್ತಿ ನನ್ನ ಕೈಗೆ ಬಂತು. ಅವರಿಗೆ ನಾನೇ ಉಣ್ಣಿಸಬೇಕಾಯಿತು.

ಬಾಯಿ ಕೆಟ್ಟಿರುತ್ತದೆ, ರುಚಿಯಾಗಿ ಏನಾದರೂ ಕೊಡೋಣ ಎಂದು ಒಂದು ಬೆಳಿಗ್ಗೆ ಹಸಿಕಾಯಿ ಚಟ್ನಿ ಮಾಡಿ, ಮೆತ್ತನೆಯ ಇಡ್ಲಿಯಲ್ಲಿ ಅದ್ದಿ ಬಾಯಿಗಿಟ್ಟೆ. ಅತ್ತೆ ಎರಡು ಸಲ ಬಾಯಾಡಿಸಿದರು. ಮುಖ ಕಿವುಚಿದರು. ತುತ್ತನ್ನು ನಾಲಿಗೆಯಿಂದ ಹೊರಗೆ ತಳ್ಳಿದರು, ಅದು ಗಲ್ಲದ ಮೇಲೆ ಇಳಿಯಿತು.

"ಇದ್ರಾಗೆ ಕಾಯೇ ಇಲ್ವಲ್ಲೇ," ಅಂದರು.

ಹಟ ಎಂದುಕೊಂಡೆ. ಇನ್ನೊಂದು ತುತ್ತು ಕೊಟ್ಟೆ, ಅದನ್ನೂ ಉಗಿದರು. ಸಪ್ಪೆ, ಸುಣ್ಣ ತಿಂದಂತಿದೆ, ಅಟ್ಟದಿಂದ ಒಂದು ಹಳೆಯ ಕಾಯಿ ಇಳಿಸಿ ಮಾಡು ಎಂದರು. ಹೇಳುವಾಗ ಜಗಳದ ದನಿ ಇರಲಿಲ್ಲ, ಕಾಯಿಲೆಯವರು ಬೇಕಾದ್ದನ್ನು ಕೇಳುವ ದನಿ. ಅವತ್ತು ಅವರೇ ಹೇಳಿದ್ದು. ಹನ್ನೆರಡು ವರ್ಷದ ಹುಡುಗಿಯಾಗಿ ಈ ಮನೆಗೆ ಬಂದಾಗಿನಿಂದ ಅವರ ಅತ್ತೆ ಹಾಕಿದ್ದು ಅದನ್ನೇ. ಮೊದಮೊದಲು ಅವರೂ ಹಿತ್ತಲಲ್ಲಿ ಕಕ್ಕುತ್ತಿದ್ದರಂತೆ. ಆಮೇಲೆ ಒಗ್ಗಿತಂತೆ. ಎಷ್ಟು ಒಗ್ಗಿತ್ತೆಂದರೆ ಈಗ ಅವರ ನಾಲಿಗೆಗೆ ಕಾಯಿ ಎಂದರೆ ಕೌಟು, ಮಿಕ್ಕಿದ್ದು ಸುಣ್ಣ.

ಕೇಳಿ ನನಗೆ ಮರುಕ ಬರಬೇಕಿತ್ತು. ಸ್ವಲ್ಪ ಬಂತೂ ಕೂಡ. ಆದರೆ ಅದಕ್ಕಿಂತ ಮುಂಚೆ ಬಂದದ್ದು ವಾಕರಿಕೆ. ನಿಂಗೂ ಒಗ್ಗುತ್ತೆ ಬುಡು ಎಂದು ಗಂಡ ಹೇಳಿದ್ದರಲ್ಲ, ಅಂದು ಏಣಿ ಹತ್ತದೆ ಇದ್ದಿದ್ದರೆ ನನ್ನ ಬಾಯೂ ಹೀಗೇ ಆಗುತ್ತಿತ್ತು, ನನ್ನ ಮಗಳದ್ದೂ. ಅತ್ತೆಯ ಗಲ್ಲ ಒರೆಸಿದೆ. ಅಟ್ಟಕ್ಕೆ ಹೋಗಿ ಒಂದು ಕೌಟು ಕಾಯಿ ತಂದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಅವರ ಒರಳಿನಲ್ಲೇ ರುಬ್ಬಿದೆ. ಮಿಕ್ಸಿಗೆ ಹಾಕಲು ಮನಸ್ಸಾಗಲಿಲ್ಲ. ಅತ್ತೆ ಎರಡು ಇಡ್ಲಿ ತಿಂದರು, ತೇಗಿದರು, ಸುಖವಾಗಿ ಗೋಡೆಗೆ ಒರಗಿದರು. ಅವರು ಇದ್ದ ಉಳಿದ ಎರಡು ವರ್ಷ ಬೆಳಗಿನ ಹೊತ್ತು ಅದನ್ನೇ ಮಾಡಿಕೊಟ್ಟೆ. ವೈದ್ಯರು ಬೇಡವೆಂದಿದ್ದರು. ಪ್ರೀತಿಯಿಂದ ಮಾಡಿದೆ ಎಂದು ಹೇಳಲಾರೆ. ಒಂದು ದಿನವೂ ಹೇಸದೆ ಮಾಡಿದ್ದಿಲ್ಲ.

ಅತ್ತೆ ಹೋದ ಮೇಲೆ ಅಟ್ಟ ಕೀಳಿಸಿದೆವು. ಕಾಯಿ ದಾಸ್ತಾನಿಗೆ ಗಂಡ ತೋಟದಲ್ಲೇ ಶೆಡ್ ಹಾಕಿಸಿದರು. ಹಲಗೆ ಕಿತ್ತವರು ಒಂದು ದಿನಕ್ಕೆಂದು ಬಂದವರು ವಾಸನೆ ತಡೆಯಲಾರದೆ ಎರಡು ದಿನ ಮಾಡಿದರು. ಗೋಡೆಗೆ ಎರಡು ಸಲ ಸುಣ್ಣ ಹೊಡೆಸಿದೆ. ಮಳೆಗಾಲದಲ್ಲಿ ಈಗಲೂ ಅಲ್ಲಲ್ಲಿ ಕಂದು ಕಲೆ ಮೇಲೇಳುತ್ತದೆ.

ಆ ಹೊತ್ತಿಗೆ ಹೋಟೆಲಿನ ರೇಟು ಏರಿತ್ತು. ಮಸಾಲೆ ದೋಸೆ ಇಪ್ಪತ್ತು ದಾಟಿ, ಚಟ್ನಿಯಲ್ಲಿ ಕಾಯಿಗಿಂತ ಹುರಿಗಡಲೆ ಜಾಸ್ತಿಯಾಗಿದೆ ಎಂದು ಗಂಡ ಗೊಣಗುತ್ತಿದ್ದರು. ಒಂದು ಮಧ್ಯಾಹ್ನ, ಮದುವೆಯಾದ ಮೇಲೆ ಮೊದಲ ಸಲ, ಮಂಡಿಯಿಂದ ನೇರ ಮನೆಗೆ ಬಂದು ತಟ್ಟೆ ಹಾಕು ಎಂದು ಕೂತರು. ಮುದ್ದೆ, ಬಸ್ಸಾರು, ಅನ್ನ, ಚಟ್ನಿ ಎಲ್ಲ ಬಡಿಸಿದೆ. ಮೂರು ಸಲ ಚಟ್ನಿ ಹಾಕಿಸಿಕೊಂಡರು. ತಟ್ಟೆ ಬಳಿದು, ತೋರುಬೆರಳನ್ನು ಬಾಯೊಳಗಿಟ್ಟು ಚೀಪಿ, ತಲೆಯೆತ್ತಿ ನನ್ನ ಕಡೆ ಮೆಚ್ಚುಗೆಯಿಂದ ನೋಡಿದರು.

"ಹೋಟ್ಲು ಚಟ್ನಿ ಥರಾನೇ ಐತೆ ಕಣೇ."

ಇಷ್ಟು ವರ್ಷ ಆ ಮನೆಯಲ್ಲಿ ಏನಾಗಿತ್ತು ಎಂಬುದು ಅವರ ಮುಖದಲ್ಲಿ ಎಲ್ಲಿಯೂ ಇರಲಿಲ್ಲ. ಉಂಡ ತೃಪ್ತಿ ಮಾತ್ರ ಇತ್ತು. ನಾನು ನೀರಿನ ಚೊಂಬು ಮುಂದಿಟ್ಟೆ.

ಆಮೇಲೆ ಅವರು ದಿನವೂ ಮನೆಗೇ ಬರತೊಡಗಿದರು. ಬಡಿಸುತ್ತೇನೆ, ಕೇಳಿದಷ್ಟು ಬಡಿಸುತ್ತೇನೆ. ಮಗಳು ಇದ್ದ ದಿನ, ಅಮ್ಮ ನೀನೂ ಜೊತೆಗೆ ಕೂತ್ಕೋ ಎನ್ನುತ್ತಾಳೆ. ಒಲೆಯ ಮೇಲೆ ಏನೋ ಇದೆ ಎಂದು ಒಳಗೆ ಹೋಗುತ್ತೇನೆ. ಅವರು ಉಂಡು, ಕೈ ತೊಳೆದು, ಹೊರಗೆ ಹೋಗಿ ಬಾಗಿಲು ಮುಂದೆ ಮಾಡಿದ ಸದ್ದು ಕೇಳಿದ ಮೇಲೆ ನನ್ನ ತಟ್ಟೆ ತೆಗೆದುಕೊಂಡು ಹಿತ್ತಲ ಕಟ್ಟೆಯ ಮೇಲೆ ಕೂತು ಉಣ್ಣುತ್ತೇನೆ. ಊಟ ರುಚಿಯಾಗಿಯೇ ಇರುತ್ತದೆ.